ಗುಡ್ಡದ ಬದಿಗೆ ಮನೆ ಕಟ್ಟಿದ ತಮ್ಮನಿಗೆ

ತಮ್ಮಾ,

ಮಳೆಗಾಲಕ್ಕೆ ಸಜ್ಜಾಗುವುದನ್ನು ಭಟ್ಕಳದ ಹೆಬಳೆಯ ಜನಕ್ಕೆ ಯಾರೂ ಕಲಿಸಬೇಕಿಲ್ಲ. ಮೇ ಬಂತೆಂದರೆ ಒಡೆದ ಹಂಚು ಬದಲಿಸುತ್ತಾರೆ, ಗಟಾರ ಬಿಡಿಸುತ್ತಾರೆ, ಕಟ್ಟಿಗೆ ಒಳಗೆ ಸೇರಿಸುತ್ತಾರೆ. 2022ರ ಆಗಸ್ಟಿನಲ್ಲಿ ಮುಟ್ಟಳ್ಳಿಯ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡ ಮೇಲಂತೂ ಮಳೆಯ ಭಯ ಎಲ್ಲರಿಗೂ ಇದೆ. ಬೆಂಕಿಯ ಕಾಲಕ್ಕೆ ಮಾತ್ರ ಯಾರ ಮನೆಯಲ್ಲೂ ತಯಾರಿ ಇಲ್ಲ.

ಹಿಂದೆ ಇತ್ತು, ಬೇರೆ ಹೆಸರಿನಲ್ಲಿ. ಹಟ್ಟಿ ತುಂಬ ದನ ಇದ್ದ ಕಾಲದಲ್ಲಿ ಹೆಂಗಸರು ಬೆಟ್ಟದ ದರಕು, ಅಂದರೆ ಒಣ ಎಲೆ, ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಿದ್ದರು. ಬೆಣದ ಒಣಹುಲ್ಲು, ಕರಡ, ಕೊಯ್ಯುತ್ತಿದ್ದರು. ಗೊಬ್ಬರಕ್ಕೆ, ಮೇವಿಗೆ ಎಂದು ಮಾಡಿದ ಆ ಕೆಲಸ ಬೆಂಕಿಗೆ ಸಿಗಬೇಕಾದದ್ದನ್ನೂ ಖಾಲಿ ಮಾಡುತ್ತಿತ್ತು. ಈಗ ದನ ಕಡಿಮೆ, ಕರಡ ಕೊಯ್ಯುವವರೂ ಕಡಿಮೆ. ಭಟ್ಕಳದಿಂದ ಕುಮಟೆಯವರೆಗೆ ಗುಡ್ಡಗಳ ಮೇಲೆ ಅಕೇಶಿಯಾ ನೆಟ್ಟಾಗಿದೆ. ಅದರ ಎಲೆ ದಪ್ಪ, ಬೇಗ ಕೊಳೆಯುವುದಿಲ್ಲ. ಉದುರಿದ್ದು ಉದುರಿದಲ್ಲೇ ಪದರ ಕಟ್ಟುತ್ತದೆ.

ಬಿದಿರಿಗೆ ಬಿದಿರು ತಿಕ್ಕಿ ಕಾಡು ಹೊತ್ತಿಕೊಳ್ಳುತ್ತದೆ ಎಂಬ ಮಾತು ಕೇಳಲು ಚಂದ. ನಮ್ಮ ಕಡೆ ಬಹುತೇಕ ಬೆಂಕಿ ಮನುಷ್ಯರ ಕೈಯಿಂದಲೇ ಹುಟ್ಟುವುದು: ಎಸೆದ ಬೀಡಿ, ಹುಲ್ಲಿಗೆಂದು ಹಚ್ಚಿದ ಕಿಡಿ, ಅಂಗಳ ಗುಡಿಸಿ ಸುಟ್ಟ ರಾಶಿ. ನೆಲ ಹಿಡಿದು ತೆವಳುವ ಈ ಬೆಂಕಿಯನ್ನು ಹಗುರವಾಗಿ ಕಾಣುವವರು ಬಂಡೀಪುರವನ್ನು ನೆನೆಯಬೇಕು. 2019ರ ಫೆಬ್ರವರಿಯಲ್ಲಿ ಅಲ್ಲಿ ಸಾವಿರಾರು ಎಕರೆ ಸುಟ್ಟು, ಕೊನೆಗೆ ವಾಯುಪಡೆಯ ಹೆಲಿಕಾಪ್ಟರಿನಿಂದ ನೀರು ಸುರಿಯಬೇಕಾಯಿತು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡುಮನೆಯ ಬಳಿ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿಯೊಬ್ಬರು ಸುಟ್ಟಗಾಯಗಳಿಂದ ಸತ್ತರು. ಅವರು ತರಬೇತಿ ಪಡೆದವರು. ಮನೆಯ ಹುಡುಗರು ಹಸಿ ಟೊಂಗೆ ಹಿಡಿದು ಒಬ್ಬೊಬ್ಬರೇ ಗುಡ್ಡ ಹತ್ತಬಾರದು. ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಓಡುವ ವೇಗ ಕಾಲಿಗೆ ಸಿಗುವುದಿಲ್ಲ.

ಗಾಳಿಯ ಲೆಕ್ಕ ಕರಾವಳಿಯವರಿಗೆ ಗೊತ್ತು, ಬೆಂಕಿ ಹಚ್ಚುವಾಗ ಮಾತ್ರ ಮರೆಯುತ್ತಾರೆ. ಬೇಸಗೆಯ ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ ಸಮುದ್ರಕ್ಕೆ ಬೀಸುತ್ತದೆ; ಬಿಸಿಲೇರಿದ ಮೇಲೆ ತಿರುಗಿ ಸಮುದ್ರದಿಂದ ಗುಡ್ಡಕ್ಕೆ. ಎಂಟು ಗಂಟೆಗೆ ಕಸಕ್ಕೆ ಕಡ್ಡಿ ಗೀರಿ ಭಟ್ಕಳ ಪೇಟೆಗೆ ಹೋದವರ ಹಿಂದೆ, ಅರೆಬೆಂದ ರಾಶಿಯ ಕಿಡಿ ಮಧ್ಯಾಹ್ನ ಗುಡ್ಡ ಹತ್ತುತ್ತದೆ. ಸುಡುವುದನ್ನೇ ಬಿಟ್ಟು ತೆಂಗಿನ ಬುಡಕ್ಕೆ ಹಾಕಿದರೆ ಆ ಗೋಜೇ ಇಲ್ಲ.

ಮನೆಗೆ ಬೆಂಕಿ ಬರುವುದು ಜ್ವಾಲೆಯಾಗಿಯೇ ಅಲ್ಲ, ಹಾರುವ ಕಿಡಿಯಾಗಿಯೂ ಬರುತ್ತದೆ. 2018ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣವನ್ನು ನುಂಗಿ 85 ಜನರನ್ನು ಬಲಿ ತೆಗೆದುಕೊಂಡ ಬೆಂಕಿ ಗಾಳಿಯಲ್ಲಿ ತೇಲಿಬಂದ ಕೆಂಡಗಳಿಂದಲೇ ಮುಂದೆ ಹಾರಿತು. ಅಲ್ಲಿಯ ಸರ್ಕಾರ ಮನೆಯ ಸುತ್ತ ಸುಮಾರು 30 ಮೀಟರ್ ಜಾಗ ಹಸನಾಗಿಡಿ ಎನ್ನುತ್ತದೆ. ನಮ್ಮ ಹಿತ್ತಿಲುಗಳಲ್ಲಿ ಅಷ್ಟು ಎಲ್ಲಿದೆ? ಗೋಡೆಯಿಂದ ಎರಡು ಮಾರಾದರೂ ಒಣಗಿದ್ದೇನೂ ಇರಬಾರದು. ಹಂಚಿನ ಸಂದಿನ ತರಗೆಲೆ, ಗೋಡೆಗೆ ಒರಗಿಸಿದ ಮಡಲು, ತೆಂಗಿನ ಸಿಪ್ಪೆಯ ರಾಶಿ ಮೊದಲು ಹೋಗಲಿ. ಹುಲ್ಲಿನ ಕುತ್ರಿ ಕೊಟ್ಟಿಗೆಯಿಂದ ದೂರ ಇರಲಿ. ತಂತಿಗೆ ತಾಗುವ ಟೊಂಗೆಗೆ ಹೆಸ್ಕಾಂನವರನ್ನೇ ಕರೆ, 1912.

ಬೆಂಕಿ ಬಿದ್ದಾಗ ಕರೆಂಟು ಹೋದರೆ ಪಂಪು ನಿಂತಿತು. ಬಾವಿಯ ಹಗ್ಗ, ಕೊಡಪಾನ ತೆಗೆದೆಸೆಯಬೇಡ, ಡ್ರಮ್ಮು ತುಂಬಿರಲಿ. ದನದ ಕಣ್ಣಿ ಬಿಚ್ಚುವವರು ಯಾರು, ಅಜ್ಜಿಯ ಕೈ ಹಿಡಿದು ಕರೆದೊಯ್ಯುವವರು ಯಾರು ಎಂದು ಮೊದಲೇ ನಿಗದಿಯಾಗಲಿ. ಪಹಣಿ, ಆಧಾರ್, ಪಾಸ್‌ಪೋರ್ಟು, ಅಜ್ಜಿಯ ಮಾತ್ರೆ ಒಂದೇ ಚೀಲದಲ್ಲಿ. ಓಡುವಾಗ ನೈಲಾನ್ ಸೀರೆ ಬೇಡ, ಹತ್ತಿಯದಿರಲಿ. ಅಗ್ನಿಶಾಮಕಕ್ಕೆ 101 ಅಥವಾ 112. ಕಾಡಿನ ಬೆಂಕಿಗೆ ಅರಣ್ಯ ಇಲಾಖೆಯ 1926. ಅಡುಗೆಮನೆಯ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸು.

ಉಳಿದದ್ದು ಪಕ್ಕದ ಖಾಲಿ ಸೈಟು. ಯಜಮಾನರು ದುಬೈನಲ್ಲಿ, ಹುಲ್ಲು ಇಲ್ಲಿ ಎದೆಯೆತ್ತರ. ಸಂಕ್ರಾಂತಿಯೊಳಗೆ ಫೋನು ಮಾಡಿ ಒಪ್ಪಿಗೆ ಕೇಳು. ಕೊಯ್ಯುವ ಆಳಿನ ಕೂಲಿ ಅವರು ಕೊಡದಿದ್ದರೆ ನೀನೇ ಕೊಟ್ಟುಬಿಡು.