ಕಾಣದ ಎಳೆ

1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಅಂದಿನ ದೀಪಕ್ಕೆ ಬೇಕಾಗಿದ್ದುದು ಒಂದೇ ಸಂಬಂಧ. ಅದು ತಂತಿಯಲ್ಲಿ ಹರಿದು ಬರುವ ವಿದ್ಯುತ್ತು. ಇಂದು ಹಲವು ಮನೆಗಳಲ್ಲಿ ಉರಿಯುತ್ತಿರುವ ಸ್ಮಾರ್ಟ್ ಬಲ್ಬಿಗೆ ಇನ್ನೊಂದು ಸಂಬಂಧವೂ ಬೇಕು. ಅದು ಕಣ್ಣಿಗೆ ಕಾಣದ ರೇಡಿಯೋ ಅಲೆಯ ಎಳೆ.

ಇಂತಹ ಬಲ್ಬಿನೊಳಗೆ ಬೆಳಕು ಕೊಡುವ ಎಲ್‌ಇಡಿಗಳ ಜೊತೆಗೆ ಒಂದು ಪುಟ್ಟ ರೇಡಿಯೋ ಯಂತ್ರವೂ ಇರುತ್ತದೆ. ಮನೆಯ ವೈ-ಫೈ ರೌಟರು ಹೊರಡಿಸುವ ಅಲೆಗಳನ್ನು ಅದು ಸದಾ ಆಲಿಸುತ್ತಿರುತ್ತದೆ. ಮೊಬೈಲಿನಲ್ಲಿ ಒತ್ತಿದ ಆಜ್ಞೆಯು ರೌಟರಿನ ಮೂಲಕ ಬಲ್ಬನ್ನು ಸೇರುತ್ತದೆ, ಬಲ್ಬು ಬೆಳಗುತ್ತದೆ. ಮನೆಯ ವೈ-ಫೈ ಹೆಚ್ಚಾಗಿ ಬಳಸುವುದು ಎರಡು ಬಗೆಯ ಅಲೆಗಳನ್ನು. 2.4 ಗಿಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 12 ಸೆಂಟಿಮೀಟರು. 5 ಗಿಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 6 ಸೆಂಟಿಮೀಟರು. ಮೊದಲನೆಯದು ಗೋಡೆಗಳನ್ನು ಹಾಯ್ದು ಹೆಚ್ಚು ದೂರ ಹೋಗಬಲ್ಲದು. ಎರಡನೆಯದು ಹೆಚ್ಚು ಮಾಹಿತಿಯನ್ನು ಹೊರಬಲ್ಲದು, ಆದರೆ ಗೋಡೆಗಳಲ್ಲಿ ಬೇಗ ಕುಂದುತ್ತದೆ. ಬಲ್ಬಿಗೆ ಬೇಕಾದ ಮಾಹಿತಿ ಅತ್ಯಲ್ಪ. ಆದುದರಿಂದ ಬಹುಪಾಲು ಸ್ಮಾರ್ಟ್ ಬಲ್ಬುಗಳು ಮೊದಲನೆಯ ಅಲೆಯನ್ನು ಮಾತ್ರ ಬಲ್ಲವು.

ಈ ಕಾಣದ ಎಳೆ ಕಡಿದಾಗ ಅದನ್ನು ಹುಡುಕುವುದು ಹೇಗೆ? ಒಂದು ಮನೆಯ ಉದಾಹರಣೆಯನ್ನು ನೋಡೋಣ.

ಆ ಮನೆಯ ಅಜ್ಜಿಗೆ ದೃಷ್ಟಿ ಮಂದ. ಅವರ ಕೋಣೆಯ ಸ್ವಿಚ್ಚು ಬಾಗಿಲ ಬಳಿ. ಮಂಚವು ಎದುರು ಗೋಡೆಗೆ. ಇರುಳಿನಲ್ಲಿ ಎದ್ದಾಗ ಕತ್ತಲೆಯಲ್ಲಿ ತಡವರಿಸದಿರಲೆಂದು ಮಗನು ಸ್ಮಾರ್ಟ್ ಬಲ್ಬನ್ನು ತಂದು ಹಾಕಿ, ದಿಂಬಿನ ಬಳಿ ಮೊಬೈಲನ್ನು ಇರಿಸಿದ್ದನು. ಹಗಲಿನಲ್ಲಿ ಬಲ್ಬು ಹೇಳಿದಂತೆ ಕೇಳುತ್ತಿತ್ತು. ನಡುರಾತ್ರಿಯಲ್ಲಿ ಮಾತ್ರ ಎಷ್ಟು ಒತ್ತಿದರೂ ಉರಿಯುತ್ತಿರಲಿಲ್ಲ. ಒಂದು ರಾತ್ರಿ ಅಜ್ಜಿ ಹೊಸ್ತಿಲು ಎಡವಿದರು. ಪೆಟ್ಟಾಗಲಿಲ್ಲವಾದರೂ ಮನೆಮಂದಿಯೆಲ್ಲ ಹೆದರಿದರು.

“ಬಲ್ಬು ಕೆಟ್ಟಿದೆ, ಹೊಸದನ್ನು ತರೋಣ” ಎಂದನು ಮಗ. “ರೌಟರೇ ಸರಿಯಿಲ್ಲ” ಎಂದನು ಮೊಮ್ಮಗ. ಒಂಬತ್ತನೆಯ ತರಗತಿಯ ಮೊಮ್ಮಗಳು ಏನನ್ನೂ ತೀರ್ಮಾನಿಸದೆ ಒಂದು ಟಿಪ್ಪಣಿ ಪುಸ್ತಕವನ್ನು ತೆಗೆದುಕೊಂಡಳು. ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸಬೇಕೆಂಬುದು ಅವಳ ನಿಯಮ.

ಬಲ್ಬು ಉರಿಯದಿದ್ದ ಹೊತ್ತಿನಲ್ಲಿ ಉಳಿದ ಮೊಬೈಲುಗಳಿಗೆ ವೈ-ಫೈ ದೊರೆಯುತ್ತಿತ್ತು. ಆದುದರಿಂದ ರೌಟರು ನಿರ್ದೋಷಿ. ಮರುದಿನ ತಂದೆಯಿಂದ ಬಲ್ಬನ್ನು ಬಿಚ್ಚಿಸಿ ನಡುಮನೆಯ ಹೋಲ್ಡರಿಗೆ ಹಾಕಿಸಿದಳು. ಅಲ್ಲಿ ಅದು ನಡುರಾತ್ರಿಯಲ್ಲೂ ಆಜ್ಞೆಯನ್ನು ಪಾಲಿಸಿತು. ಆದುದರಿಂದ ಬಲ್ಬೂ ನಿರ್ದೋಷಿ. ಹಾಗಾದರೆ ಅಜ್ಜಿಯ ಕೋಣೆಯ ದಪ್ಪ ಗೋಡೆ ಅಲೆಯನ್ನು ತಡೆಯುತ್ತಿರಬಹುದೆ? ಹಗಲಿಗೂ ಇರುಳಿಗೂ ಇರುವುದು ಅದೇ ಗೋಡೆ. ಹಗಲಿನಲ್ಲಿ ದಾಟಿ ಬಂದ ಅಲೆಗೆ ಇರುಳಿನಲ್ಲಿ ಅಡ್ಡಿಯೇನು? ಹಾಗಾದರೆ ಆ ಕೋಣೆಯಲ್ಲಿ, ರಾತ್ರಿ ಮಾತ್ರ, ಬದಲಾಗುವುದು ಯಾವುದು?

ಬಲ್ಬನ್ನು ಮೊದಲಿನ ಸ್ಥಳಕ್ಕೆ ಹಾಕಿಸಿ ಅವಳು ಆ ರಾತ್ರಿ ಅಜ್ಜಿಯ ಕೋಣೆಯಲ್ಲಿಯೇ ಕುಳಿತಳು. ಹತ್ತು ಗಂಟೆಗೆ ಅಜ್ಜಿ ಎದ್ದು, ಬಾಗಿಲ ಬಳಿಯ ಸ್ವಿಚ್ಚನ್ನು ಆರಿಸಿ, ನಡುಮನೆಯಿಂದ ಬರುತ್ತಿದ್ದ ಬೆಳಕಿನಲ್ಲಿ ಮಂಚಕ್ಕೆ ಹಿಂದಿರುಗಿದರು. ನಸುಕಿನಲ್ಲಿ ಎದ್ದೊಡನೆ ಅದನ್ನು ಮತ್ತೆ ಹಾಕುವುದು ಅವರ ರೂಢಿಯಾಗಿತ್ತು.

ರಹಸ್ಯ ಬಯಲಾಯಿತು. ಗೋಡೆಯ ಸ್ವಿಚ್ಚನ್ನು ಆರಿಸಿದರೆ ಬಲ್ಬಿಗೆ ವಿದ್ಯುತ್ತು ತಪ್ಪುತ್ತದೆ. ಒಳಗಿನ ರೇಡಿಯೋ ಯಂತ್ರವೂ ಕಿವುಡಾಗುತ್ತದೆ. ಕಡಿದಿದ್ದುದು ಕಾಣದ ಎಳೆಯಲ್ಲ, ಕಾಣುವ ತಂತಿ.

“ಬೇಡದ ದೀಪವನ್ನು ಆರಿಸಬೇಕೆಂದು ಕಲಿತವಳು ನಾನು. ಅದು ತಪ್ಪೇ ಮಗು?” ಎಂದರು ಅಜ್ಜಿ.

“ತಪ್ಪಲ್ಲ ಅಜ್ಜಿ. ಈ ಬಲ್ಬನ್ನು ಮೊಬೈಲಿನಿಂದ ಆರಿಸಿ. ಆಲಿಸುತ್ತ ಕಾದಿರಲು ಅದಕ್ಕೆ ಬೇಕಾದುದು ಒಂದು ವಾಟಿಗೂ ಕಡಿಮೆ. ಒಂದು ವಾಟೆಂದೇ ಹಿಡಿದರೂ ತಿಂಗಳಿಗೆ ಮುಕ್ಕಾಲು ಯೂನಿಟ್ಟು ಆಗುವುದಿಲ್ಲ.”

ಮೊಮ್ಮಗಳು ಲೆಕ್ಕವನ್ನು ಬರೆದು ತೋರಿಸಿದ ಮೇಲೆ ಅಜ್ಜಿ ಒಪ್ಪಿದರು. ಆದರೂ ಮಂಚದ ಬಳಿ ಒಂದು ಟಾರ್ಚು ಇರಲೆಂದರು. ಆ ಮಾತೂ ಸರಿಯೇ. ವಿದ್ಯುತ್ತು ಹೋದ ಇರುಳಿನಲ್ಲಿ ಬಲ್ಬಿನ ಜಾಣತನ ನೆರವಾಗದು.

ಎಲ್ಲ ಮನೆಗಳಲ್ಲಿಯೂ ದೋಷ ಇದೇ ಆಗಿರಬೇಕೆಂದಿಲ್ಲ. ವಿದ್ಯುತ್ತು ಹೋಗಿ ಬಂದಾಗ ಬಲ್ಬು ಬೇಗ ಎಚ್ಚರಗೊಳ್ಳುತ್ತದೆ. ರೌಟರು ಸಿದ್ಧವಾಗಲು ಒಂದೆರಡು ನಿಮಿಷ ಬೇಕಾಗಬಹುದು. ಅಲ್ಲಿಯವರೆಗೆ ಕಾಯಬೇಕು. ವೈ-ಫೈಯ ಹೆಸರನ್ನಾಗಲಿ ಪಾಸ್‌ವರ್ಡನ್ನಾಗಲಿ ಬದಲಾಯಿಸಿದ್ದರೆ ಬಲ್ಬಿಗೆ ಹಳೆಯದು ಮಾತ್ರ ಗೊತ್ತಿರುತ್ತದೆ. ಅದಕ್ಕೆ ಹೊಸದನ್ನು ತಿಳಿಸಬೇಕು. ರೌಟರನ್ನು ಕಬ್ಬಿಣದ ಬೀರುವಿನ ಹಿಂದೆ ಇರಿಸಿದ್ದರೆ ಅಲೆಗಳು ತಡೆಯಲ್ಪಡುತ್ತವೆ. ಅದನ್ನು ತೆರೆದ ಜಾಗದಲ್ಲಿ, ಎತ್ತರದಲ್ಲಿ ಇರಿಸಬೇಕು. ಹೊಸ ಬಲ್ಬು ವೈ-ಫೈಗೆ ಸೇರದಿದ್ದರೆ ರೌಟರಿನಲ್ಲಿ 2.4 ಗಿಗಾಹರ್ಟ್ಸ್ ಅಲೆ ಚಾಲೂ ಇದೆಯೇ ಎಂದು ನೋಡಬೇಕು. ಬಲ್ಬಿನ ನೆನಪನ್ನೆಲ್ಲ ಅಳಿಸಿ ಮೊದಲಿನಿಂದ ಜೋಡಿಸುವುದು ಕೊನೆಯ ಉಪಾಯವಾಗಿರಬೇಕು. ಅದನ್ನೇ ಮೊದಲು ಮಾಡಿದರೆ ದೋಷದ ಸುಳಿವೂ ಅಳಿದುಹೋಗಬಹುದು. ಬಲ್ಬನ್ನು ಬಿಚ್ಚುವಾಗ ಸ್ವಿಚ್ಚನ್ನು ಆರಿಸಿ, ಅದು ತಣ್ಣಗಾದ ಮೇಲೆಯೇ ಹಿರಿಯರ ಕೈಯಿಂದ ಬಿಚ್ಚಿಸಬೇಕು.

ಮೊಮ್ಮಗಳ ಬಳಿ ಯಾವ ವಿಶೇಷ ಉಪಕರಣವೂ ಇರಲಿಲ್ಲ. ಎಲ್ಲಿ ಕೆಡುತ್ತದೆ, ಯಾವಾಗ ಕೆಡುತ್ತದೆ, ಆಗ ಬದಲಾದುದು ಯಾವುದು ಎಂಬ ಮೂರು ಪ್ರಶ್ನೆಗಳಿದ್ದವು. ಉತ್ತರ ದೊರೆಯುವವರೆಗೆ ಯಾರನ್ನೂ ದೂರದ ತಾಳ್ಮೆಯಿತ್ತು. ಅಂದಿನಿಂದ ಅಜ್ಜಿ ಕತ್ತಲೆಯಲ್ಲಿ ಎಡವಲಿಲ್ಲ. ಬಲ್ಬೂ ಕಸದ ಬುಟ್ಟಿಯನ್ನು ಸೇರಲಿಲ್ಲ.