ನೆರೆಹೊರೆಯ ಸಲಹೆ ಮತ್ತು ಮನೆಯ ಕ್ಷೇಮ

ಹೈದರಾಬಾದಿನ ಕನ್ನಡಿಗರೆಲ್ಲರೂ ಒಂದೇ ದಾರಿಯಿಂದ ಇಲ್ಲಿಗೆ ಬಂದವರಲ್ಲ. ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು 1956ರ ಅಕ್ಟೋಬರ್ ಅಂತ್ಯದವರೆಗೆ ಹೈದರಾಬಾದ್ ರಾಜ್ಯದ ಭಾಗಗಳಾಗಿದ್ದುವು. ಆ ಕಾಲದಲ್ಲಿ ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ತಮ್ಮ ರಾಜಧಾನಿಗೆ ಬಂದು ನೆಲೆಸಿದವರು, ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮನೆ ಬದಲಿಸದೆಯೇ ಹೊರನಾಡ ಕನ್ನಡಿಗರಾದರು. ಅನಂತರ ಮೈಸೂರು, ಧಾರವಾಡ, ಕರಾವಳಿ, ಮಲೆನಾಡುಗಳಿಂದ ಬ್ಯಾಂಕು, ಕಾರ್ಖಾನೆ, ಕಂಪ್ಯೂಟರ್ ಕಚೇರಿಗಳ ನೌಕರಿಯನ್ನು ಅರಸಿ ಬಂದವರು ಅನೇಕರು. ರಾಯಚೂರಿನವರಿಗೆ ಇಲ್ಲಿಯ ಬಿಸಿಲು ಹೊಸತಲ್ಲ. ಆದರೆ ಶಿವಮೊಗ್ಗೆಯಿಂದಲೋ ಉಡುಪಿಯಿಂದಲೋ ಬಂದವರಿಗೆ ಮೇ ತಿಂಗಳ ನಲವತ್ತು ಡಿಗ್ರಿಯ ಶುಷ್ಕ ತಾಪವು ಒಂದು ಪರೀಕ್ಷೆಯೇ ಸರಿ.

ಹೀಗೆ ಹೊಸದಾಗಿ ಬಂದ ಸಂಸಾರಕ್ಕೆ ಮೊದಲು ದೊರೆಯುವ ಆಸರೆಯೆಂದರೆ ಮುಂಚೆ ಬಂದವರ ಸಲಹೆ. ಯಾವ ಕೂಲರ್ ಕೊಳ್ಳಬೇಕು, ಗ್ಯಾಸ್ ಗೀಸರ್ ಒಳ್ಳೆಯದೆ, ನಾಯಿ ಕಚ್ಚಿದರೆ ಏನು ಹಚ್ಚಬೇಕು, ಮಂಡಿನೋವಿದ್ದವರು ಸೈಕಲ್ ತುಳಿಯಬಹುದೆ ಎಂಬ ಪ್ರಶ್ನೆಗಳಿಗೆ ಸಂಘದ ಸಮಾರಂಭದ ಊಟದ ಪಂಕ್ತಿಯಲ್ಲಿಯೇ ಉತ್ತರ ದೊರೆಯುವುದುಂಟು. ಈ ವಿನಿಮಯವು ಬಹಳ ಬೆಲೆಯುಳ್ಳದ್ದು. ಆದರೆ ಇದರಲ್ಲಿ ಒಂದು ಕೊರತೆಯಿದೆ. ಸಲಹೆಯು ಬಾಯಿಂದ ಬಾಯಿಗೆ ಸಾಗುವಾಗ ಅದರ ಕಾರಣವು ಹಿಂದೆಯೇ ಉಳಿದುಬಿಡುತ್ತದೆ. ಕಾರಣವಿಲ್ಲದ ಸಲಹೆಯು ಚೀಟಿ ಇಲ್ಲದ ಔಷಧದ ಸೀಸೆಯಂತೆ. ಒಬ್ಬರನ್ನು ಗುಣಪಡಿಸಿದ್ದು ಇನ್ನೊಬ್ಬರಿಗೆ ವಿಷವಾಗಬಹುದು.

ಈ ಊರೇ ಕಲಿಸಿದ ಪಾಠ

ಸಲಹೆಗೂ ಕಾರಣಕ್ಕೂ ಇರುವ ಸಂಬಂಧವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಮಲೇರಿಯಾ ಎಂಬ ಶಬ್ದಕ್ಕೆ ಇಟಲಿಯ ಭಾಷೆಯಲ್ಲಿ ‘ಕೆಟ್ಟ ಗಾಳಿ’ ಎಂದರ್ಥ. ಜೌಗು ನೆಲದ ಕೆಟ್ಟ ಗಾಳಿಯಿಂದ ಚಳಿಜ್ವರ ಬರುವುದೆಂದು ಜನರು ಶತಮಾನಗಳ ಕಾಲ ನಂಬಿದ್ದರು. ಆದುದರಿಂದ ಸಂಜೆಯಾದೊಡನೆ ಕಿಟಕಿಗಳನ್ನು ಮುಚ್ಚಿಕೊಳ್ಳುವುದು ಹಿರಿಯರ ಸಲಹೆಯಾಗಿತ್ತು. ಸಲಹೆಯಿಂದ ಒಂದಿಷ್ಟು ಉಪಕಾರವೂ ಆಗುತ್ತಿತ್ತು. ಗಾಳಿಯೊಡನೆ ಸೊಳ್ಳೆಯೂ ಹೊರಗೇ ಉಳಿಯುತ್ತಿತ್ತು. ಆದರೆ ಮನೆಯ ಸುತ್ತ ನಿಂತ ನೀರಿನ ಕಡೆಗೆ ಯಾರ ಗಮನವೂ ಹೋಗುತ್ತಿರಲಿಲ್ಲ.

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೈನ್ಯದ ವೈದ್ಯ ರೊನಾಲ್ಡ್ ರಾಸ್ ಅವರು, ಮಲೇರಿಯಾ ರೋಗಿಯ ರಕ್ತ ಹೀರಿದ್ದ ಅನಾಫಿಲಿಸ್ ಜಾತಿಯ ಸೊಳ್ಳೆಯ ಜಠರದಲ್ಲಿ ಆ ರೋಗದ ಪರಾವಲಂಬಿಯನ್ನು ಕಂಡರು. ಈ ಶೋಧದ ಹಿರಿಮೆಗೆ 1902ರಲ್ಲಿ ಅವರಿಗೆ ನೊಬೆಲ್ ಬಹುಮಾನವು ಸಂದಿತು. ಅವರು ಕಾರ್ಯನಿರತರಾಗಿದ್ದ ಕಟ್ಟಡವು ಬೇಗಂಪೇಟೆಯಲ್ಲಿ ಇಂದಿಗೂ ಇದೆ. ಅದಕ್ಕೆ 14 ವರ್ಷ ಮುಂಚೆ, 1883ರಲ್ಲಿ, ಬೆಂಗಳೂರಿನಲ್ಲಿದ್ದಾಗಲೇ ರಾಸ್ ಅವರು ತಮ್ಮ ಬಂಗಲೆಯ ಬಳಿಯ ನೀರಿನ ಪೀಪಾಯಿಯಲ್ಲಿ ಸೊಳ್ಳೆಮರಿಗಳಿರುವುದನ್ನು ಗಮನಿಸಿ, ಅದನ್ನು ಬರಿದು ಮಾಡಿಸಿ, ಸೊಳ್ಳೆಗಳು ಕಡಿಮೆಯಾದುದನ್ನು ಕಂಡಿದ್ದರು. ಕಾರಣ ತಿಳಿದ ಮೇಲೆ ಸಲಹೆಯೇ ಬದಲಾಯಿತು: ಕಿಟಕಿ ಮುಚ್ಚುವುದಷ್ಟೇ ಸಾಲದು, ನಿಂತ ನೀರನ್ನು ಚೆಲ್ಲಬೇಕು. ದಿನಬಳಕೆಯ ಪ್ರತಿಯೊಂದು ಸಲಹೆಯನ್ನೂ ಹೀಗೆಯೇ ಕಾರಣದ ಒರೆಗೆ ಹಚ್ಚಬಹುದು.

ಬೇಸಿಗೆಯ ಕೂಲರ್

ಕೂಲರಿನೊಳಗಿನ ಹುಲ್ಲಿನ ಪದರಗಳು ನೀರಿನಿಂದ ತೊಯ್ದಿರುತ್ತವೆ. ಬೀಸಣಿಗೆಯು ಹೊರಗಿನ ಒಣಗಾಳಿಯನ್ನು ಅವುಗಳ ಮೂಲಕ ಸೆಳೆಯುವಾಗ ನೀರು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಗಾಳಿಯಿಂದಲೇ ಪಡೆಯುವುದರಿಂದ ಗಾಳಿಯು ತಂಪಾಗುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ತತ್ವದಿಂದ.

ಈ ಒಂದು ಕಾರಣದಿಂದ ಹಲವು ಸಂದೇಹಗಳು ಪರಿಹಾರವಾಗುತ್ತವೆ. ಕೂಲರಿಗೆ ಬೇಕಾದುದು ಒಣಗಾಳಿ. ಆದುದರಿಂದ ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಸುಖ ಕೊಡುವ ಯಂತ್ರವು ಜುಲೈ ತಿಂಗಳ ಮಳೆಗಾಲದಲ್ಲಿ ಮೈಯನ್ನು ಅಂಟಂಟಾಗಿಸುತ್ತದೆ. ಮಂಗಳೂರಿನ ಬಂಧುಗಳಿಗೆ ಇದನ್ನು ಶಿಫಾರಸು ಮಾಡಿದರೆ ಅವರ ಹಣ ವ್ಯರ್ಥ. ಕೋಣೆಯ ಕಿಟಕಿ ಬಾಗಿಲುಗಳನ್ನು ಭದ್ರವಾಗಿ ಮುಚ್ಚಬೇಕೆಂಬುದು ಹವಾನಿಯಂತ್ರಣ ಯಂತ್ರಕ್ಕೆ ಸಲ್ಲುವ ಮಾತು. ಕೂಲರಿನ ಕೋಣೆಯಲ್ಲಿ ತೇವ ತುಂಬಿದ ಗಾಳಿ ಹೊರಹೋಗಲು ಎದುರಿನ ಕಿಟಕಿಯನ್ನು ತೆರೆದಿಡಲೇಬೇಕು.

ಕೂಲರಿನ ತೊಟ್ಟಿಯೂ ರಾಸ್ ಅವರು ಕಂಡ ಪೀಪಾಯಿಯಂತಹುದೇ. ಡೆಂಗಿ ಹರಡುವ ಈಡಿಸ್ ಸೊಳ್ಳೆಯು ಇಂತಹ ತಿಳಿನೀರಿನಲ್ಲಿ ಮೊಟ್ಟೆಯಿಟ್ಟು, ಬೇಸಿಗೆಯಲ್ಲಿ ಏಳರಿಂದ ಹತ್ತು ದಿನಗಳೊಳಗೆ ಮರಿ ಸೊಳ್ಳೆಯಾಗಿ ಹಾರುತ್ತದೆ. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಬೇಕೆಂಬುದು ಇದಕ್ಕಾಗಿ. ಮೊಟ್ಟೆಗಳು ನೀರಿನ ಅಂಚಿನ ಗೋಡೆಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ಆದುದರಿಂದ ನೀರು ಚೆಲ್ಲಿದರಷ್ಟೇ ಸಾಲದು; ತೊಟ್ಟಿಯನ್ನು ಉಜ್ಜಿ ತೊಳೆದು ಒಣಗಿಸತಕ್ಕದ್ದು.

ತಗಡಿನ ಕೂಲರಿನ ವಿದ್ಯುತ್ ಅಪಾಯವು ಇದಕ್ಕಿಂತಲೂ ಭೀಕರವಾದುದು. ಪ್ಲಗ್ ಇಲ್ಲದೆ ಬರಿಯ ತಂತಿಗಳನ್ನು ಬೆಂಕಿಕಡ್ಡಿಯಿಂದ ಸಾಕೆಟ್ಟಿನೊಳಗೆ ಸಿಕ್ಕಿಸುವ ‘ಉಪಾಯ’ವನ್ನು ಯಾರೇ ಹೇಳಿಕೊಟ್ಟರೂ ಸ್ವೀಕರಿಸಕೂಡದು. ಮೂರು ಮುಳ್ಳಿನ ಪ್ಲಗ್ ಹಾಗೂ ಸರಿಯಾದ ಅರ್ತಿಂಗ್ ಇರಬೇಕು. ನೀರು ತುಂಬುವಾಗ ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಿತ್ತಿಡಬೇಕು. ಸೋರುವ ವಿದ್ಯುತ್ತನ್ನು ಕ್ಷಣಾರ್ಧದಲ್ಲಿ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಸಾಧನವನ್ನು ಮನೆಗೆ ಅಳವಡಿಸಿಕೊಳ್ಳುವುದು ಉತ್ತಮ.

ಬಿಸಿಲಿನ ಪೆಟ್ಟು

2015ರ ಮೇ ತಿಂಗಳ ಬಿಸಿಗಾಳಿಯು ಆಂಧ್ರಪ್ರದೇಶ ಮತ್ತು ತೆಲಂಗಾಣಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ತಾಗದೆಂಬ ಸಲಹೆ ಈ ಭಾಗದಲ್ಲಿ ಬಹಳ ಹಳೆಯದು. ಈರುಳ್ಳಿಯಿಂದ ಕೇಡೇನೂ ಇಲ್ಲ. ಅದನ್ನು ನಂಬಿ ನಡುಹಗಲಿನಲ್ಲಿ ನೀರಿಲ್ಲದೆ ಹೊರಡುವುದರಲ್ಲಿ ಕೇಡಿದೆ. ದೇಹವು ತನ್ನನ್ನು ತಂಪಾಗಿಸಿಕೊಳ್ಳುವುದು ಬೆವರು ಆರುವುದರಿಂದ. ಬೆವರಿಗೆ ನೀರೂ ಉಪ್ಪೂ ಬೇಕು, ಆರಲು ಗಾಳಿ ಬೇಕು.

ಮೈ ಕಾದು, ಮಾತು ತೊದಲಿ, ಪ್ರಜ್ಞೆ ಮಂಕಾದರೆ ಅದು ಜೀವಕ್ಕೇ ಅಪಾಯವಾದ ಬಿಸಿಲಿನ ಪೆಟ್ಟು. ಆಗ ರೋಗಿಯನ್ನು ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ಮೈಮೇಲೆ ನೀರೆರೆದು, ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಕೂಡದು. ಅದು ಶ್ವಾಸನಾಳಕ್ಕೆ ಇಳಿಯುವ ಭಯವಿದೆ.

ಭೇದಿಯಿಂದ ಬಳಲಿದವರಿಗೆ ‘ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಸಕ್ಕರೆ’ ಎಂಬ ಸಲಹೆ ಕೇಳಿಬರುತ್ತದೆ. ಒಬ್ಬೊಬ್ಬರ ಚಿಟಿಕೆ ಒಂದೊಂದು ಬಗೆ. ಸರಿಯಾದ ಅಳತೆ ಹೀಗಿದೆ: ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು, ಚಮಚವೆಂದರೆ ಚಹಾ ಚಮಚ. ಕರುಳಿನಲ್ಲಿ ಸಕ್ಕರೆಯು ಉಪ್ಪಿನ ಅಂಶವನ್ನು ತನ್ನೊಡನೆ ಒಳಗೆ ಸೆಳೆದುಕೊಳ್ಳುತ್ತದೆ, ಅವೆರಡನ್ನು ನೀರು ಹಿಂಬಾಲಿಸುತ್ತದೆ. ಸಕ್ಕರೆ ಹೆಚ್ಚಾದರೆ ಭೇದಿ ಹೆಚ್ಚುತ್ತದೆ. ಉಪ್ಪು ಹೆಚ್ಚಾದರೆ ಎಳೆಯ ಮಕ್ಕಳಿಗೆ ಅಪಾಯ. ಅಂಗಡಿಯ ಓ.ಆರ್.ಎಸ್. ಪೊಟ್ಟಣವಾದರೆ, ಅದರ ಮೇಲೆ ಸೂಚಿಸಿದಷ್ಟೇ ನೀರಿಗೆ ಇಡೀ ಪೊಟ್ಟಣವನ್ನು ಒಮ್ಮೆಗೇ ಕಲಸಿ, 24 ಗಂಟೆಗಳೊಳಗೆ ಬಳಸಬೇಕು.

ಸ್ನಾನದ ಮನೆಯ ಗ್ಯಾಸ್ ಗೀಸರ್

ಡಿಸೆಂಬರಿನ ಚಳಿಯಲ್ಲಿ ‘ಬೆಚ್ಚಗೆ ಕಿಟಕಿ ಮುಚ್ಚಿ ಸ್ನಾನ ಮಾಡಿ’ ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ವಿದ್ಯುತ್ ಗೀಸರ್ ಇರುವ ಮನೆಗೆ ಇದು ನಿರಪಾಯ. ಗ್ಯಾಸ್ ಗೀಸರ್ ಒಳಗೇ ಇರುವ ಸ್ನಾನದ ಮನೆಗೆ ಇದು ಮೃತ್ಯುವಿನ ಆಹ್ವಾನ. ಗಾಳಿಯ ಕೊರತೆಯಲ್ಲಿ ಗ್ಯಾಸ್ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವು ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು ಕಂಡು, ಕೂಗುವ ಶಕ್ತಿಯೂ ಉಡುಗಿ, ಸ್ನಾನಕ್ಕೆ ಹೋದವರು ಒಳಗೇ ಕುಸಿಯುತ್ತಾರೆ. ಆದುದರಿಂದ ಗ್ಯಾಸ್ ಗೀಸರನ್ನು ಸ್ನಾನದ ಮನೆಯ ಹೊರಗೆ, ಗಾಳಿಯಾಡುವ ಸ್ಥಳದಲ್ಲಿಯೇ ಇಡಿಸಬೇಕು.

ಅಡುಗೆ ಅನಿಲದ ಸೋರಿಕೆಯ ಲಕ್ಷಣ ಬೇರೆ. ಅದಕ್ಕೆ ಬೇಕೆಂದೇ ವಾಸನೆ ಬೆರೆಸಿರುತ್ತಾರೆ. ಅದು ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ವಾಸನೆ ಬಂದೊಡನೆ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಎಲ್ಲರೂ ಹೊರಬಂದು 1906 ಸಂಖ್ಯೆಗೆ ಕರೆ ಮಾಡಬೇಕು. ದೀಪವನ್ನು ಹಚ್ಚುವುದಿರಲಿ, ಉರಿಯುತ್ತಿರುವ ದೀಪದ ಸ್ವಿಚ್ಚನ್ನು ಆರಿಸಲೂಕೂಡದು. ಎರಡರಿಂದಲೂ ಕಿಡಿ ಹುಟ್ಟುತ್ತದೆ.

ಸಾಕುಪ್ರಾಣಿ ಮತ್ತು ನಾಯಿಕಡಿತ

ಸಲಹೆಯ ತಪ್ಪಿಗೆ ಪ್ರಾಣವೇ ದಂಡವಾಗಿ ಹೋಗುವ ವಿಷಯವಿದು. ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ, ಅರಿಶಿನ, ಮೆಣಸಿನಪುಡಿ ಹಚ್ಚುವ ರೂಢಿ ಇನ್ನೂ ಅಳಿದಿಲ್ಲ. ಇವುಗಳಿಂದ ಗಾಯ ಕೆರಳುತ್ತದೆಯೇ ಹೊರತು ರೋಗಾಣು ಸಾಯುವುದಿಲ್ಲ. ರೇಬೀಸ್ ವೈರಸ್ಸಿಗೆ ಕೊಬ್ಬಿನ ಹೊದಿಕೆಯಿದ್ದು, ಸೋಪು ಆ ಹೊದಿಕೆಯನ್ನು ಕರಗಿಸುತ್ತದೆ. ಆದುದರಿಂದ ನಲ್ಲಿಯ ಹರಿಯುವ ನೀರಿನಲ್ಲಿ, ಸೋಪು ಹಚ್ಚಿ, ಗಡಿಯಾರ ನೋಡಿಕೊಂಡು 15 ನಿಮಿಷಗಳ ಕಾಲ ಗಾಯವನ್ನು ತೊಳೆಯುವುದೇ ಪ್ರಥಮ ಚಿಕಿತ್ಸೆ. ಅನಂತರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

‘ಹೊಟ್ಟೆಗೆ ಹದಿನಾಲ್ಕು ಸೂಜಿ’ ಎಂಬ ಹೆದರಿಕೆಯು ಹಿರಿಯರಿಂದ ಕಿರಿಯರಿಗೆ ಬಂದಿದೆ. ಅದು ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಅವರು ರೂಪಿಸಿದ, ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಲಸಿಕೆಯ ಕಾಲದ ಮಾತು. ಭಾರತದಲ್ಲಿ ಆ ಲಸಿಕೆಯ ಬಳಕೆ 2005ರ ವೇಳೆಗೆ ನಿಂತುಹೋಯಿತು. ಇಂದಿನ ಲಸಿಕೆಯನ್ನು ತೋಳಿಗೆ ಕೊಡುತ್ತಾರೆ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಬಳಿಕ 3, 7, 14 ಮತ್ತು 28ನೆಯ ದಿನಗಳಂದು, ಒಟ್ಟು ಐದು ಸಲ. ರಕ್ತ ಬಂದ ಗಾಯವಾದರೆ ಇಮ್ಯುನೊಗ್ಲಾಬುಲಿನ್ ಎಂಬ ಔಷಧವನ್ನೂ ಗಾಯದ ಸುತ್ತ ಕೊಡಬೇಕಾಗುತ್ತದೆ. ‘ಮನೆಯಲ್ಲೇ ಸಾಕಿದ ನಾಯಿ, ಏನೂ ಆಗದು’ ಎಂದು ಕಾಯುತ್ತ ಕೂರುವುದು ಸಲ್ಲದು. ರೋಗದ ಚಿಹ್ನೆಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತಿ ವಿರಳ. ಕಚ್ಚಿ ಕೆಲವು ದಿನಗಳಾಗಿದ್ದರೂ ಲಸಿಕೆಗೆ ಹೋಗಲೇಬೇಕು. ಬೈಗುಳಕ್ಕೂ ಸೂಜಿಗೂ ಹೆದರಿ ಮಕ್ಕಳು ಕಡಿತವನ್ನು ಮುಚ್ಚಿಡುವುದುಂಟಾದುದರಿಂದ, ಹೇಳಿದರೆ ಬೈಯುವುದಿಲ್ಲವೆಂಬ ಭರವಸೆಯನ್ನು ಅವರಿಗೆ ಮೊದಲೇ ಕೊಟ್ಟಿರಬೇಕು.

ಸಾಕಿದ ನಾಯಿಗೆ ಮೂರು ತಿಂಗಳ ಪ್ರಾಯದಲ್ಲಿ, ಅನಂತರ ಪಶುವೈದ್ಯರು ಹೇಳಿದಂತೆ ಲಸಿಕೆ ಹಾಕಿಸುವುದು ಸಾಕಿದವರ ಧರ್ಮ. ಮನುಷ್ಯರಿಗೆ ಹಿತವಾದುದೆಲ್ಲ ಪ್ರಾಣಿಗಳಿಗೆ ಹಿತವಲ್ಲ: ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷಕಾರಿ, ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಗುಳಿಗೆ ಒಂದೇ ಆದರೂ ಬೆಕ್ಕಿಗೆ ಮಾರಕವಾಗಬಲ್ಲದು.

ಸೈಕಲ್ ಸವಾರಿ

2023ರ ಅಕ್ಟೋಬರಿನಲ್ಲಿ ಹೊರವರ್ತುಲ ರಸ್ತೆಯ ಪಕ್ಕದಲ್ಲಿ ಸೌರಫಲಕಗಳ ಚಾವಣಿಯುಳ್ಳ 23 ಕಿಲೋಮೀಟರ್ ಸೈಕಲ್ ಪಥವು ತೆರೆದ ಮೇಲೆ, ನಡುವಯಸ್ಸಿನವರಲ್ಲಿಯೂ ಸೈಕಲ್ ಒಲವು ಹೆಚ್ಚಿದೆ. ‘ಎರಡೂ ಕಾಲು ನೆಲಕ್ಕೆ ತಾಗುವಷ್ಟು ಸೀಟು ತಗ್ಗಿರಲಿ’ ಎಂಬುದು ಕಲಿಯುವ ಮಗುವಿಗೆ ಒಪ್ಪುವ ಸಲಹೆ. ದಿನವೂ ತುಳಿಯುವ ದೊಡ್ಡವರಿಗೆ ಇದೇ ಮಂಡಿನೋವಿನ ಮೂಲ. ತಗ್ಗು ಸೀಟಿನಲ್ಲಿ ಮಂಡಿಯು ಅತಿಯಾಗಿ ಮಡಚಿ ಅದರ ಚಿಪ್ಪಿನ ಮೇಲೆ ಭಾರ ಬೀಳುತ್ತದೆ. ಸೀಟಿನ ಮೇಲೆ ಕುಳಿತು, ಪೆಡಲ್ ಕೆಳತುದಿಯಲ್ಲಿರುವಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೇರವಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮಂಡಿ ತುಸುವೇ ಬಾಗಿರುತ್ತದೆ. ಏರಿಳಿತದ ಈ ಊರಿನಲ್ಲಿ ಏರು ಬಂದಾಗ ಹಗುರ ಗೇರಿನಲ್ಲಿ ತುಳಿಯುವುದು ಮೇಲು. ಇನ್ಸುಲಿನ್ ತೆಗೆದುಕೊಳ್ಳುವವರು ಸಕ್ಕರೆಯ ಅಂಶ ಹಠಾತ್ತನೆ ಇಳಿಯಬಹುದೆಂಬುದನ್ನು ನೆನೆದು ಜೇಬಿನಲ್ಲಿ ಸ್ವಲ್ಪ ಸಕ್ಕರೆಯಿಟ್ಟುಕೊಳ್ಳಬೇಕು.

ಸಲಹೆಯನ್ನು ತೂಗುವ ಬಗೆ

ಮೇಲಿನ ಎಲ್ಲ ನಿದರ್ಶನಗಳಿಂದ ಮೂರು ಪ್ರಶ್ನೆಗಳು ಹೊರಡುತ್ತವೆ.

1. ಇದಕ್ಕೆ ಕಾರಣವೇನು? ಹೇಳಿದವರಿಗೆ ತಿಳಿಯದಿದ್ದರೆ ತಿಳಿದವರನ್ನು ವಿಚಾರಿಸಬೇಕು.

2. ಇದು ಯಾರಿಗೆ, ಎಲ್ಲಿಗೆ, ಯಾವ ಕಾಲಕ್ಕೆ ಹೊಂದುತ್ತದೆ? ಕರಾವಳಿಯ ಕೂಲರ್, ಬೆಕ್ಕಿನ ಗುಳಿಗೆ, ಹದಿನಾಲ್ಕು ಸೂಜಿಯ ಭಯ, ಇವೆಲ್ಲ ಹೊಂದದ ಕಡೆ ಬಳಸಿದ ಮಾತುಗಳು.

3. ಇದು ತಪ್ಪಾದರೆ ಆಗುವ ನಷ್ಟವೆಷ್ಟು? ಸೈಕಲ್ಲಿನ ಸೀಟು ತಪ್ಪಾದರೆ ನಾಳೆ ತಿದ್ದಬಹುದು. ಗ್ಯಾಸ್, ವಿದ್ಯುತ್, ನಾಯಿಕಡಿತಗಳಲ್ಲಿ ತಪ್ಪಿಗೆ ಎರಡನೆಯ ಅವಕಾಶವಿಲ್ಲ. ಅಲ್ಲಿ ನೆರೆಹೊರೆಯ ಮಾತಿಗಿಂತ ವೈದ್ಯರ ಮತ್ತು ತಜ್ಞರ ಮಾತೇ ಪ್ರಮಾಣ.

ಪರಸ್ಥಳದಲ್ಲಿ ಬಾಳುವ ಜನಕ್ಕೆ ಒಬ್ಬರಿಗೊಬ್ಬರ ಮಾತೇ ಬಂಧುಬಳಗ. ಆ ಮಾತು ನಿಲ್ಲಕೂಡದು. ಸಲಹೆ ಕೊಡುವವರು ‘ಹೀಗೆ ಮಾಡಿ’ ಎಂಬುದರೊಡನೆ ‘ಏಕೆಂದರೆ’ ಎಂಬ ಒಂದು ಪದವನ್ನು ಸೇರಿಸಿ ಹೇಳುವುದನ್ನು ರೂಢಿಸಿಕೊಂಡರೆ, ಕೇಳಿದವರು ಅದನ್ನು ತಮ್ಮ ಮನೆಗೆ ತಕ್ಕಂತೆ ಅಳವಡಿಸಿಕೊಳ್ಳಬಲ್ಲರು. ಮುಂದೆ ಹೊಸದಾಗಿ ಬರುವವರಿಗೂ ಆ ಸಲಹೆಯು ಕೆಡದೆ ತಲಪುವುದು.