ಮೇ ತಿಂಗಳು ದಾಟಲಿ

“ನಾವು ಉಡುಪಿ ಕಡೆಯವರು. ಯಜಮಾನರು ಹನ್ನೊಂದು ವರ್ಷದಿಂದ ಹಾಂಗ್‌ಕಾಂಗ್‌ನಲ್ಲಿ ಅಕೌಂಟೆಂಟ್. ನಾನು ಮದುವೆಯಾಗಿ ಬಂದದ್ದು 1990ರ ಮೇನಲ್ಲಿ. ನಾಲ್ಕು ವರ್ಷದ ಮಗಳು ಇಲ್ಲೇ ಹುಟ್ಟಿದವಳು. ಮೂವರದ್ದೂ ಭಾರತದ ಪಾಸ್‌ಪೋರ್ಟ್. ಬರುವ ಜುಲೈ 1ಕ್ಕೆ ಊರು ಚೀನಾದ ಕೈಗೆ ಹೋಗುತ್ತದೆ. ಕಳೆದ ವರ್ಷ ಇಲ್ಲಿನ ಶಾಸನಸಭೆಗೆ ಓಟು ಹಾಕಿ ಬಂದ ದಿನ ಇವರ ಸಂಭ್ರಮ ನೋಡಬೇಕಿತ್ತು! ಈಗ ಕೆನಡಾಕ್ಕೆ ಅರ್ಜಿ ಹಾಕಿದ್ದಾರೆ. ‘ನೀನು, ಮಗು ಟೊರಾಂಟೊದಲ್ಲಿರಿ, ನಾನು ಇಲ್ಲಿ ದುಡಿದು ಕಳಿಸ್ತೀನಿ. ಪ್ರಜಾಪ್ರಭುತ್ವ ಉಳಿದರೆ ವಾಪಸು ಬನ್ನಿ’ ಅಂತಾರೆ. ಏನು ಮಾಡಲಿ?”
– ಓದುಗಿ, ಕೌಲೂನ್ (ಅಕ್ಟೋಬರ್ 1996)

ತಂಗಿ, ನಿಮ್ಮ ಯಜಮಾನರ ಸಂಭ್ರಮಕ್ಕೆ ಅರ್ಥವಿದೆ. ಜನ ನೇರವಾಗಿ ಆರಿಸಿದ ಒಬ್ಬ ಸದಸ್ಯನೂ 1991ರ ತನಕ ಆ ಶಾಸನಸಭೆಯಲ್ಲಿರಲಿಲ್ಲ. 1995ರಲ್ಲಿ ಅರವತ್ತಕ್ಕೆ ಇಪ್ಪತ್ತು ಸ್ಥಾನ ಹಾಗೆ ತುಂಬಿದವು. ಅಕೌಂಟೆಂಟರಿಗಂತೂ ವೃತ್ತಿಯ ಲೆಕ್ಕದಲ್ಲಿ ಇನ್ನೊಂದು ಓಟು. (ನೂರೈವತ್ತು ವರ್ಷ ಆಳಿದ ಬ್ರಿಟಿಷರಿಗೆ ಗಂಟುಮೂಟೆ ಕಟ್ಟುವಾಗ ಇದು ನೆನಪಾಯಿತು!) ಆದರೆ ಈ ಮಾರ್ಚ್‌ನಲ್ಲಿ ಚೀನಾದ ಸಿದ್ಧತಾ ಸಮಿತಿ ಆ ಸಭೆಯ ಬದಲು ತಾತ್ಕಾಲಿಕ ಸಭೆ ರಚಿಸಲು ತೀರ್ಮಾನಿಸಿದೆ. ಬೇಡವೆಂದು ಕೈಯೆತ್ತಿದ್ದು ಸಮಿತಿಯ ಸದಸ್ಯ ಫ್ರೆಡೆರಿಕ್ ಫಂಗ್ ಒಬ್ಬರೇ. ಅಲ್ಲಿನ ಸಂವಿಧಾನವಾಗಲಿರುವ ಬೇಸಿಕ್ ಲಾದ 68ನೇ ವಿಧಿ, ಎಲ್ಲ ಸದಸ್ಯರನ್ನೂ ಜನರೇ ಆರಿಸುವುದು ಕೊನೆಯ ಗುರಿ ಎನ್ನುತ್ತದೆ. ಯಾವ ವರ್ಷಕ್ಕೆ? ಹೇಳಿಲ್ಲ. ಅಂಥ ಮಾತು ನಂಬಿ ಒಂದು ಸಂಸಾರವನ್ನು ಎರಡು ಮಾಡಬೇಡಿ.

ನೀವು ಓದಬೇಕಾದದ್ದು 24ನೇ ವಿಧಿ. ಚೀನೀಯರಲ್ಲದವರು ಕ್ರಮಬದ್ಧ ಪಾಸ್‌ಪೋರ್ಟಿನ ಮೇಲೆ ಬಂದು, ಸತತ 7 ವರ್ಷ ವಾಸವಿದ್ದು, ಹಾಂಗ್‌ಕಾಂಗನ್ನೇ ತಮ್ಮ ಕಾಯಂ ನೆಲೆ ಮಾಡಿಕೊಂಡಿದ್ದರೆ ಅಲ್ಲಿ ಉಳಿಯುವ ಹಕ್ಕು ಸಿಗುತ್ತದೆ. ಯಜಮಾನರು ಏಳು ದಾಟಿಯಾಗಿದೆ. ನಿಮಗೆ ತುಂಬುವುದು ಬರುವ ಮೇನಲ್ಲಿ. ಈಗಲೇ ಟೊರಾಂಟೊದಲ್ಲಿ ಮನೆ ಹೂಡಿದರೆ ನಿಮ್ಮ ಲೆಕ್ಕ ಕಡಿದುಹೋಗುವ ಅಪಾಯವಿದೆ. ‘ವಾಪಸು ಬನ್ನಿ’ ಎಂದಾಗ ಬರಲು ಮತ್ತೆ ವೀಸಾ ಬೇಡಬೇಕಾದೀತು. ಅವರು ಇದನ್ನು ಗಮನಿಸಿದಂತಿಲ್ಲ. ಕೆನಡಾ ಅರ್ಜಿ ಇಟ್ಟುಕೊಂಡು ‘ಕಾಯಂ ನೆಲೆ’ ಎನ್ನಬಹುದೇ ಎಂದು ವಕೀಲರನ್ನೂ ಕೇಳಿ.

ಅತ್ತ ಕೆನಡಾದ್ದೂ ಸಲೀಸಲ್ಲ. ಕಾಯಂ ನಿವಾಸಿಯಾದವರು ಹನ್ನೆರಡು ತಿಂಗಳಲ್ಲಿ 183 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ದೇಶ ಬಿಟ್ಟರೆಂದೇ ಎಣಿಕೆ. ಬಿಟ್ಟಿಲ್ಲವೆಂದು ಅಧಿಕಾರಿಗೆ ಮನಗಾಣಿಸಬೇಕು. ಹಾಂಗ್‌ಕಾಂಗ್‌ನಲ್ಲೇ ದುಡಿಯುವ ಗಂಡ ಏನು ಹೇಳಿಯಾರು?

ಹೆಂಡತಿ ಮಕ್ಕಳು ವ್ಯಾಂಕೂವರ್‌ನಲ್ಲಿ, ಗಂಡ ವಿಮಾನದಲ್ಲಿ – ಇಂಥ ಮನೆಗಳು ನಿಮ್ಮ ಕಟ್ಟಡದಲ್ಲೇ ಇದ್ದಾವು. 1989ರ ಟಿಯಾನನ್ಮೆನ್ ಗುಂಡಿನ ನಂತರ ಹೊರಟವರು ಕಡಿಮೆಯಲ್ಲ. 1992 ಒಂದರಲ್ಲೇ ಸುಮಾರು 66,000 ಮಂದಿ. ಅವರಿಗೆ ಕಷ್ಟಕಾಲಕ್ಕೆ ಓಡಲೊಂದು ದೇಶ ಬೇಕಿತ್ತು. ನಿಮಗೆ ಅದು ಇದೆ, ಪಾಸ್‌ಪೋರ್ಟೂ ಕೈಯಲ್ಲಿದೆ.

ಆದ್ದರಿಂದ ಯಜಮಾನರನ್ನು ಒಂದೇ ಮಾತು ಕೇಳಿ: ‘ನೀವೂ ಬರುತ್ತೀರಾ?’ ಹೌದಾದರೆ, ತಮ್ಮ ಅರ್ಹತೆಗೆ ಅಲ್ಲಿ ಯಾವ ಪರೀಕ್ಷೆ ಕಟ್ಟಬೇಕೆಂದು ಮೊದಲು ಒಂಟಾರಿಯೋದ ಅಕೌಂಟೆಂಟರ ಸಂಸ್ಥೆಗೆ ಬರೆಯಲಿ. ವೀಸಾ ಬಂದರೆ ಅದರ ಗಡುವು ಮೇ ದಾಟುತ್ತದೋ ನೋಡಿಕೊಂಡು ಮೂವರೂ ಹೊರಡಿ. ಇಲ್ಲವೆಂದರೆ ನೀವೂ ಹೊರಡಬೇಡಿ, ಮಗಳನ್ನು ಅಲ್ಲೇ ಶಾಲೆಗೆ ಸೇರಿಸಿ.